ಎಂಟುನೂರು ಕೋಟಿಯ ಸಂಸಾರ

ಮಾನವಕುಲದ ತವರು ಆಫ್ರಿಕಾ. ಆ ಖಂಡದ ಮೊರಾಕೋ ದೇಶದಲ್ಲಿ, ಜೆಬೆಲ್ ಇರ್ಹೂದ್ ಎಂಬಲ್ಲಿ ದೊರೆತ ಮಾನವ ತಲೆಬುರುಡೆಗಳು ಸುಮಾರು ೩ ಲಕ್ಷ ವರ್ಷಗಳಷ್ಟು ಹಳೆಯವೆಂದು ವಿಜ್ಞಾನಿಗಳು ೨೦೧೭ರಲ್ಲಿ ಪ್ರಕಟಿಸಿದರು. ಇಷ್ಟೊಂದು ಪ್ರಾಚೀನವಾದ ಕುಲವು ತನ್ನ ಮೊದಲ ನೂರು ಕೋಟಿಯನ್ನು ಮುಟ್ಟಿದ್ದು ಮಾತ್ರ ಕ್ರಿ. ಶ. ೧೮೦೦ರ ಸುಮಾರಿಗೆ, ನಿನ್ನೆ ಮೊನ್ನೆ ಎಂದರೂ ಸಲ್ಲುತ್ತದೆ. ಅಲ್ಲಿಂದ ಎಂಟುನೂರು ಕೋಟಿಯಾಗಲು ಇನ್ನೂರಿಪ್ಪತ್ತು ವರ್ಷಗಳೇ ಸಾಕಾದವು. ೨೦೨೨ರ ನವೆಂಬರ್ ೧೫ರಂದು ಜಗತ್ತು ಆ ಸಂಖ್ಯೆಯನ್ನು ದಾಟಿತೆಂದು ವಿಶ್ವಸಂಸ್ಥೆಯು ಲೆಕ್ಕಹಾಕಿತು.

ಹಾಗಾದರೆ ಹಿಂದಿನವರಿಗೆ ಮಕ್ಕಳಾಗುತ್ತಿರಲಿಲ್ಲವೆ? ಧಾರಾಳವಾಗಿ ಆಗುತ್ತಿದ್ದವು, ಉಳಿಯುತ್ತಿದ್ದವು ಕೆಲವೇ. ಭಾರತದ ಜನಗಣತಿಯ ಇತಿಹಾಸದಲ್ಲಿ ೧೯೨೧ನೆಯ ವರ್ಷಕ್ಕೆ ಒಂದು ವಿಶೇಷ ಸ್ಥಾನವಿದೆ. ೧೯೧೧ರಲ್ಲಿ ೨೫ ಕೋಟಿ ೨೧ ಲಕ್ಷವಿದ್ದ ಜನಸಂಖ್ಯೆಯು ಹತ್ತು ವರ್ಷಗಳ ತರುವಾಯ ೨೫ ಕೋಟಿ ೧೩ ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷ ತೊಟ್ಟಿಲು ತೂಗಿಯೂ ದೇಶಕ್ಕೆ ನಷ್ಟವೇ! ೧೯೧೮ರ ಇನ್‌ಫ್ಲುಯೆಂಜಾ ಒಂದೇ ಕೋಟಿಗೂ ಮಿಕ್ಕಿ ಜೀವಗಳನ್ನು ಕೊಂಡೊಯ್ದಿತ್ತು; ಪ್ಲೇಗು, ಕಾಲರಾ, ಮಲೇರಿಯಾಗಳ ಪಾಲು ಬೇರೆ. ಅಂದಿನಿಂದ ಇಂದಿನವರೆಗೆ ಭಾರತದ ಯಾವ ಜನಗಣತಿಯೂ ಇಳಿತವನ್ನು ಕಂಡಿಲ್ಲ. ಶುದ್ಧವಾದ ನೀರು, ಸಿಡುಬಿನ ಲಸಿಕೆ, ಕ್ಷಾಮದಲ್ಲಿ ಧಾನ್ಯ ಸಾಗಿಸಿದ ರೈಲು, ಪೆನಿಸಿಲಿನ್—ಇವುಗಳಿಂದ ಚಟ್ಟಗಳು ಕಡಿಮೆಯಾದವು, ಮನೆಗಳು ತುಂಬಿದವು.

ಹೀಗೆ ತುಂಬುವ ಮನೆಯ ಚಿಂತೆಯನ್ನು ಬಲುಬೇಗ ಹಚ್ಚಿಕೊಂಡ ಸರ್ಕಾರಗಳಲ್ಲಿ ಮೈಸೂರು ಒಂದು. ಸಂತಾನನಿಯಂತ್ರಣವೆಂಬ ಶಬ್ದವನ್ನು ಹಜಾರದಲ್ಲಿ ಗಟ್ಟಿಯಾಗಿ ಆಡಲು ಹಿಂಜರಿಯುತ್ತಿದ್ದ ೧೯೩೦ರಲ್ಲಿಯೇ ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಯಿತು. ಸ್ವತಂತ್ರ ಭಾರತದ ಕುಟುಂಬಯೋಜನೆ ಬಂದದ್ದು ೧೯೫೨ರಲ್ಲಿ.

ಜನ ಹೆಚ್ಚಿ ಅನ್ನ ಸಾಲದೆಂದು ಮಾಲ್ಥಸ್ ಪಂಡಿತನು ೧೭೯೮ರಲ್ಲಿ ಬರೆದ ಎಚ್ಚರಿಕೆಯನ್ನು ೧೯೬೮ರಲ್ಲಿ ಅಮೆರಿಕದ ಪಾಲ್ ಎರ್ಲಿಕ್ ಇನ್ನಷ್ಟು ಉಗ್ರವಾಗಿ ಪುನರುಚ್ಚರಿಸಿದ. ಆದರೆ ಗೋಧಿ, ಭತ್ತಗಳ ಹೊಸ ತಳಿಗಳು ಆ ಭವಿಷ್ಯವಾಣಿಯನ್ನು ಹುಸಿಗೊಳಿಸಿದವು. ನೀರು, ಕಾಡು, ಹವೆಗಳು ಅದಕ್ಕೆ ತೆತ್ತ ಬೆಲೆಯೇನೂ ಅಲ್ಪವಲ್ಲ.

ಈಗ ಗಾಳಿ ತಿರುಗಿದೆ. ಒಂದು ತಲೆಮಾರು ಮತ್ತೊಂದರ ಸ್ಥಾನವನ್ನು ತುಂಬಬೇಕಾದರೆ ಹೆಣ್ಣೊಬ್ಬಳಿಗೆ ಸರಾಸರಿ ೨.೧ ಮಕ್ಕಳಾಗಬೇಕು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಇದು ೨.೦, ಕರ್ನಾಟಕದಲ್ಲಿ ೧.೭. ದಕ್ಷಿಣ ಕೊರಿಯಾದಲ್ಲಿ ೨೦೨೩ರಲ್ಲಿ ೦.೭೨ಕ್ಕೆ ಕುಸಿಯಿತು. ಚೀನದ ಜನಸಂಖ್ಯೆ ೨೦೨೨ರಿಂದ ಇಳಿಮುಖವಾಗಿದೆ. ಈ ಶತಮಾನದ ಎಂಬತ್ತರ ದಶಕದಲ್ಲಿ ಜಗತ್ತಿನ ಜನಸಂಖ್ಯೆ ೧,೦೩೦ ಕೋಟಿಯಷ್ಟಾಗಿ, ಅನಂತರ ಮೆಲ್ಲನೆ ಇಳಿಯುವುದೆಂದು ವಿಶ್ವಸಂಸ್ಥೆಯು ೨೦೨೪ರಲ್ಲಿ ಅಂದಾಜು ಮಾಡಿದೆ. ಕುಲವೇ ಅಳಿದುಹೋದೀತೆಂಬ ಭಯಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ. ತೊಡಕಿರುವುದು ವಯಸ್ಸಿನ ಲೆಕ್ಕದಲ್ಲಿ. ಹಿಂದೆ ಒಬ್ಬ ಅಜ್ಜನ ಸುತ್ತ ಹತ್ತಾರು ಮೊಮ್ಮಕ್ಕಳು ಕತೆಗೆಂದು ಕೂಡುತ್ತಿದ್ದರು. ಇಂದು ನಗರದ ಎಷ್ಟೋ ಮನೆಗಳಲ್ಲಿ ಒಂದೇ ಕೂಸಿನ ಸುತ್ತ ಇಬ್ಬರು ಅಜ್ಜಂದಿರು, ಇಬ್ಬರು ಅಜ್ಜಿಯರು. ಆ ಕೂಸು ದೊಡ್ಡದಾಗಿ ದುಡಿಯಲು ಹೊರಟಾಗ ಮನೆಯಲ್ಲಿ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಔಷಧ ಕೊಡುವವರು ಯಾರೆಂಬುದು ಜಪಾನ್, ಕೊರಿಯಾಗಳಲ್ಲಿ ಆಗಲೇ ಸರ್ಕಾರದ ಆಯವ್ಯಯಪತ್ರವನ್ನು ಪ್ರವೇಶಿಸಿರುವ ಪ್ರಶ್ನೆ.