ದುರ್ಗಂಧ ಮತ್ತು ಶುಶ್ರೂಷೆಯ ಮೊದಲ ಪಾಠ

1923ರಲ್ಲಿ ಆರಂಭವಾದ ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಯಲ್ಲಾಗಲಿ, ವಿಜಯವಾಡದ ಆಸ್ಪತ್ರೆಗಳಲ್ಲಾಗಲಿ ಶುಶ್ರೂಷೆಗೆ ತೊಡಗುವ ನಮ್ಮ ಮಕ್ಕಳನ್ನು ಮೊದಲು ಕಂಗೆಡಿಸುವುದು ರೋಗವಲ್ಲ, ವಾಸನೆ. ಕರಾವಳಿಯ ತೇವ, ಕೃಷ್ಣಾತೀರದ ಬೇಸಗೆ ಎರಡೂ ಅದನ್ನು ಹೆಚ್ಚಿಸುತ್ತವೆ. ಕೀವು, ಮಲ, ವಾಂತಿಗಳೆದುರು ಹೊಟ್ಟೆ ತೊಳಸಿದರೆ ನಾಚಬೇಕಾಗಿಲ್ಲ. ಅದು ದೇಹದ ಸಹಜ ರಕ್ಷಣೆ. ಕೆಲವು ನಿಮಿಷಗಳಲ್ಲಿ ಮೂಗು ತಾನಾಗಿಯೇ ಒಗ್ಗಿಕೊಳ್ಳುತ್ತದೆ.

ಅಲ್ಲಿಯವರೆಗೆ ಬಾಯಿಯಿಂದ ಉಸಿರಾಡಿರಿ. ಬರಿಹೊಟ್ಟೆಯಲ್ಲಿ ಕೆಲಸಕ್ಕೆ ಹೋಗದಿರಿ. ಸುಗಂಧ ಚೆಲ್ಲಿ ದುರ್ಗಂಧವನ್ನು ಮುಚ್ಚುವುದು ಪರಿಹಾರವಲ್ಲ. ವಾಸನೆಯನ್ನಲ್ಲ, ಅದರ ಮೂಲವನ್ನೇ ತೆಗೆಯಬೇಕೆಂದು ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿಯೇ ಬೋಧಿಸಿದ್ದರು. ಕಿಟಕಿ ತೆರೆಯಿರಿ, ಮಲಪಾತ್ರೆಯನ್ನು ಕೂಡಲೇ ತೊಳೆಯಿರಿ, ನೆನೆದ ಪಟ್ಟಿಯನ್ನು ಬದಲಿಸಿರಿ. ವಾಸನೆಯೊಂದು ಸೂಚನೆಯೂ ಹೌದು. ಮಧುಮೇಹಿಯ ಉಸಿರಿನಲ್ಲಿ ಹಣ್ಣಿನ ವಾಸನೆ ಬಂದರೆ, ಗಾಯವು ಹೊಸದಾಗಿ ನಾರತೊಡಗಿದರೆ, ತಡಮಾಡದೆ ವೈದ್ಯರಿಗೆ ತಿಳಿಸಿರಿ.

ಎಲ್ಲಕ್ಕಿಂತ ಮಿಗಿಲಾಗಿ, ರೋಗಿಯು ನಿಮ್ಮ ಮುಖವನ್ನೇ ನೋಡುತ್ತಿರುತ್ತಾನೆ. ತನ್ನ ಗಾಯದ ದುರ್ನಾತ ಅವನಿಗೆ ತಿಳಿಯದ್ದಲ್ಲ. ನೀವು ಮೂಗು ಮುರಿದರೆ ಅವನು ನೀರು ಕೇಳಲೂ ಹಿಂಜರಿಯುತ್ತಾನೆ. ಸಹಿಸಲಾರದಾದಾಗ ಅವನ ತೆಲುಗಿನಲ್ಲಿಯೇ ‘ಇಪ್ಪುಡೇ ವಸ್ತಾನು’ ಎಂದು ಹೇಳಿ ಹೊರಗೆ ಹೋಗಿರಿ, ಗಾಳಿ ಸೇವಿಸಿರಿ. ಆದರೆ ಹೇಳಿದಂತೆ ಮರಳಿ ಬನ್ನಿರಿ. ಹಾಗೆ ಮರಳಿ ಬರುವುದೇ ಶುಶ್ರೂಷೆ.