ಹುಲ್ಲುಹಾಸಿನ ದುಂಬಿಗಳು: ಬಲೆಗೆ ಬಿದ್ದದ್ದು, ಬೀಳದೆ ಉಳಿದದ್ದು

ಕನ್ನಡ ಎಂ.ಎ. ಓದುವವರಿಗೂ ಕೀಟಗಳಿಗೂ ಏನು ಸಂಬಂಧ ಅಂತ ಕೆಲವರಿಗೆ ಅನಿಸಿರಬಹುದು. ಸಂಬಂಧ ಒಂದು ಪದದಿಂದ ಶುರುವಾಗುತ್ತದೆ. ನಮ್ಮ ಕಾವ್ಯದಲ್ಲಿ ದುಂಬಿ ಅಂದರೆ ಹೂವಿನ ಸುತ್ತ ಸುಳಿಯುವ ಭ್ರಮರ. ಕೃಷಿ ಬರಹಗಳಲ್ಲಿ ಅದೇ ಪದ ಗಟ್ಟಿ ಹೊರರೆಕ್ಕೆಯ ಬೀಟಲ್‌ಗಳಿಗೆ ಬಳಕೆಯಲ್ಲಿದೆ. ನಾನಿಲ್ಲಿ ಎರಡನೆಯ ಅರ್ಥ ಹಿಡಿದಿದ್ದೇನೆ. ಊಟಿಯಂಥ ಊರಿನ ಹುಲ್ಲುಹಾಸಿನಲ್ಲಿ ಎಷ್ಟು ಬಗೆಯ ದುಂಬಿಗಳಿವೆ ಎಂದು ತಿಳಿಯುವುದು ಹೇಗೆ? ಆ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು? ಇವತ್ತಿನ ಮಾತು ಇಷ್ಟೇ.

ಉದಕಮಂಡಲ ಇದಕ್ಕೆ ಒಳ್ಳೆಯ ಜಾಗ. 1848ರಲ್ಲಿ ಆರಂಭವಾದ ಸರ್ಕಾರಿ ಸಸ್ಯೋದ್ಯಾನದ ಹುಲ್ಲು ಕತ್ತರಿಸಿ, ನೀರುಣಿಸಿ ಬೆಳೆಸಿದ್ದು. ಊರಾಚೆಯ ವೆನ್‌ಲಾಕ್ ಡೌನ್ಸ್‌ನಲ್ಲಿ ಗಾಲ್ಫ್ ಮೈದಾನವೂ ಇದೆ, ಶೋಲಾ ಕಾಡಿನ ಸಂಗಾತಿಯಾದ ಸಹಜ ಹುಲ್ಲುಗಾವಲೂ ಇದೆ. ದೂರದಿಂದ ನೋಡಿದರೆ ಎಲ್ಲವೂ ಹಸಿರೇ. ವ್ಯತ್ಯಾಸ ಗೊತ್ತಾಗಬೇಕಾದರೆ ಬಗ್ಗಿ ನೋಡಬೇಕು.

ಹುಲ್ಲಿನ ದುಂಬಿಗಳಲ್ಲಿ ಕಸುಬಿನ ಪ್ರಕಾರ ಮೂರು ಗುಂಪು ಮುಖ್ಯ. ಒಂದು, ಮರಿಯಾಗಿದ್ದಾಗ ಮಣ್ಣೊಳಗೆ ಬೇರು ತಿನ್ನುವವು. ಆ ಮರಿಗಳನ್ನೇ ರೈತರು ಗೊಣ್ಣೆಹುಳು ಅನ್ನುವುದು. ಎರಡು, ನೆಲದ ಮೇಲೆ ಓಡಾಡಿ ಬೇರೆ ಹುಳುಗಳನ್ನು ಬೇಟೆಯಾಡುವವು. ಮೂರು, ಸಗಣಿಯನ್ನು ಹೂತು ಮಣ್ಣಿಗೆ ಸೇರಿಸುವವು.

ಪ್ರತಿ ಗುಂಪಿಗೂ ಬಲೆ ಬೇರೆ. ಬೇಟೆಗಾರ ದುಂಬಿಗಳಿಗೆ ಗುಂಡಿ ಬಲೆ: ಒಂದು ಪ್ಲಾಸ್ಟಿಕ್ ಲೋಟವನ್ನು ಅಂಚು ನೆಲಕ್ಕೆ ಸಮನಾಗುವಂತೆ ಹೂಳುತ್ತಾರೆ. ಒಳಗೆ ಸ್ವಲ್ಪ ಸೋಪಿನ ನೀರು, ಮೇಲೆ ಮಳೆ ತಡೆಯಲು ಒಂದು ಮುಚ್ಚಳ. ಅಂಚು ಸ್ವಲ್ಪ ಎದ್ದಿದ್ದರೂ ದುಂಬಿ ಪಕ್ಕದಿಂದ ಸುತ್ತಿಕೊಂಡು ಹೋಗಿಬಿಡುತ್ತೆ. ಅದೇ ಲೋಟದ ಮೇಲೆ ಸಗಣಿಯ ಸಣ್ಣ ಪೊಟ್ಟಣ ಕಟ್ಟಿದರೆ ಮೂರನೆಯ ಗುಂಪು ಬರುತ್ತದೆ. ಗೊಣ್ಣೆಹುಳುವಿನ ಪ್ರೌಢ ದುಂಬಿಗಳು ಮುಂಗಾರಿನ ಮೊದಲ ಮಳೆಗಳ ನಂತರ ಸಂಜೆ ಮಣ್ಣಿನಿಂದೇಳುತ್ತವೆ; ಅವಕ್ಕೆ ದೀಪದ ಬಲೆ. ಮರಿಗಳು ಮಾತ್ರ ಯಾವ ಬಲೆಗೂ ಬೀಳವು. ಮಣ್ಣು ಅಗೆದೇ ಎಣಿಸಬೇಕು.

ಇನ್ನು ಲೆಕ್ಕ. ಒಂದು ಕಡೆ 10 ಜಾತಿ, ತಲಾ 10ರಂತೆ 100 ದುಂಬಿ ಸಿಕ್ಕವು ಅಂದುಕೊಳ್ಳಿ. ಇನ್ನೊಂದು ಕಡೆಯೂ 10 ಜಾತಿ, 100 ದುಂಬಿ; ಆದರೆ ಒಂದೇ ಜಾತಿಯವು 91, ಉಳಿದ ಒಂಬತ್ತು ಜಾತಿ ಒಂದೊಂದೇ. ಶಾನನ್ ಸೂಚ್ಯಂಕ ಮೊದಲನೆಯದಕ್ಕೆ 2.30, ಎರಡನೆಯದಕ್ಕೆ ಸುಮಾರು 0.50. ಜಾತಿ ಎಷ್ಟು ಎಂಬುದರ ಜೊತೆಗೆ ಪಾಲು ಹೇಗೆ ಹಂಚಿದೆ ಎಂಬುದೂ ವೈವಿಧ್ಯವೇ.

ಆದರೆ ಇಲ್ಲೊಂದು ತೊಡಕಿದೆ. ಗುಂಡಿ ಬಲೆ ಎಣಿಸುವುದು ನೆಲದಲ್ಲಿರುವ ದುಂಬಿಗಳನ್ನಲ್ಲ, ನಡೆದು ಬಂದು ಬಿದ್ದವನ್ನು. ಕತ್ತರಿಸಿದ ಹುಲ್ಲಿನಲ್ಲಿ ನಡಿಗೆ ಸಲೀಸು. ದಟ್ಟ ಹುಲ್ಲಿನ ಬುಡದಲ್ಲಿ ಅಡ್ಡಿ ಜಾಸ್ತಿ. ಹಾಗಾಗಿ ಸಹಜ ಹುಲ್ಲುಗಾವಲಿಗಿಂತ ಗಾಲ್ಫ್ ಮೈದಾನವೇ ಶ್ರೀಮಂತ ಅಂತ ಬಲೆ ಹೇಳಿಬಿಡಬಹುದು! ಬಲೆಯ ಸುತ್ತಲಿನ ಸಸ್ಯದ ಈ ಪ್ರಭಾವವನ್ನು ಗ್ರೀನ್‌ಸ್ಲೇಡ್ 1964ರಷ್ಟು ಹಿಂದೆಯೇ ಎತ್ತಿ ತೋರಿಸಿದ್ದಾರೆ.

ಇದು ಬರೀ ವಿಧಾನದ ಚರ್ಚೆ ಅಲ್ಲ. ನೀಲಗಿರಿಯ ಹುಲ್ಲುಗಾವಲನ್ನು ಪಾಳು ನೆಲ ಎಂದು ಎಣಿಸಿಯೇ ಅಲ್ಲಿ ವಾಟಲ್, ನೀಲಗಿರಿ ಮರಗಳನ್ನು ನೆಟ್ಟಿದ್ದು. ತಪ್ಪು ಎಣಿಕೆ ಅಂಥ ಮಾತಿಗೆ ಮತ್ತೆ ಬಲ ಕೊಡುತ್ತದೆ. ಅತ್ತ ಹುಲ್ಲುಹಾಸಿನಲ್ಲಿ ದೀಪದ ಬಲೆಯೊಂದನ್ನೇ ನಂಬಿದರೆ ಕಣ್ಣಿಗೆ ಬೀಳುವುದು ಹೆಚ್ಚಾಗಿ ಬೇರು ತಿನ್ನುವವು. ಕೂಡಲೇ ಔಷಧಿ ಹೊಡೆದರೆ ಅವುಗಳ ಜೊತೆ ಬೇಟೆಗಾರ ದುಂಬಿಗಳೂ ಸಾಯುತ್ತವೆ. 'ಹುಳ' ಎಂಬ ನಮ್ಮ ಒಂದೇ ಪದದಲ್ಲಿ ಶತ್ರುವೂ ಸೇರಿದೆ, ಮಿತ್ರನೂ ಸೇರಿದ್ದಾನೆ.

ಆದ್ದರಿಂದ ನನ್ನ ವಾದ ಇದು: ಒಂದಕ್ಕಿಂತ ಹೆಚ್ಚು ಬಗೆಯ ಬಲೆ, ಒಂದಕ್ಕಿಂತ ಹೆಚ್ಚು ಋತು, ಎರಡೂ ಕಡೆ ಅದೇ ಅಳತೆ. ವರದಿಯಲ್ಲಿ 'ಬಲೆಗೆ ಬೀಳಲಿಲ್ಲ' ಎಂದು ಬರೆಯಬೇಕಾದಲ್ಲಿ 'ಇಲ್ಲ' ಎಂದು ಬರೆಯಬಾರದು. ಈ ಎರಡು ಮಾತಿನ ಅಂತರ ಹಿಡಿಯುವುದು ಭಾಷೆ ಓದುವವರ ಕೆಲಸವೂ ಹೌದು. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.