ಹೇಡನ್‌ಗೆ 104, ಬೀಥೋವನ್‌ಗೆ 9

ಪ್ರಶ್ನೆ: ಹೇಡನ್ ನೂರಕ್ಕೂ ಹೆಚ್ಚು ಸಿಂಫನಿ ಬರೆದರೆ ಬೀಥೋವನ್ ಬರೆದದ್ದು ಒಂಬತ್ತೇ. ಯಾಕೆ?

ಉತ್ತರ: ಇಬ್ಬರ ಜೀವನೋಪಾಯವೇ ಬೇರೆ. ಹೇಡನ್ 1761ರಲ್ಲಿ ಹಂಗೇರಿಯ ಎಸ್ಟರ್‌ಹಾಜಿ ರಾಜಮನೆತನದಲ್ಲಿ ಸಂಬಳಕ್ಕೆ ಸೇರಿದ. ದೊರೆ ಕೇಳಿದಾಗ ಹೊಸ ಸಂಗೀತ ಸಿದ್ಧವಿರಬೇಕಿತ್ತು. ನುಡಿಸಲು ವಾದ್ಯವೃಂದವೂ ಅಲ್ಲೇ ಇತ್ತು. ಬರೆದದ್ದನ್ನು ಕೂಡಲೇ ಕೇಳಿ ತಿದ್ದುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ! 1772ರ ‘ಫೇರ್‌ವೆಲ್’ ಸಿಂಫನಿಯನ್ನೇ ನೋಡಿ. ದೊರೆ ಬೇಸಿಗೆ ಅರಮನೆ ಬಿಟ್ಟು ಕದಲದೆ, ವಾದಕರು ಹೆಂಡತಿ ಮಕ್ಕಳ ಮುಖ ಕಾಣದೆ ಕಂಗೆಟ್ಟಿದ್ದರಂತೆ. ಕೊನೆಯ ಭಾಗದಲ್ಲಿ ಒಬ್ಬೊಬ್ಬರೇ ನುಡಿಸುವುದನ್ನು ನಿಲ್ಲಿಸಿ ಎದ್ದು ಹೋಗುವಂತೆ ಹೇಡನ್ ಬರೆದ. ಕಡೆಗೆ ಉಳಿಯುವುದು ಎರಡೇ ಪಿಟೀಲು. ದೊರೆಗೆ ಅರ್ಥವಾಯಿತು, ಎಲ್ಲರೂ ಮನೆಗೆ ಹೊರಟರು ಎನ್ನುತ್ತಾರೆ.

ವಿಯೆನ್ನಾದಲ್ಲಿದ್ದ ಬೀಥೋವನ್ ಯಾವ ದೊರೆಯ ಸಂಬಳದಾಳೂ ಆಗಿರಲಿಲ್ಲ. ಕಛೇರಿ, ಪ್ರಕಾಶಕರು, ಸಿರಿವಂತ ಪೋಷಕರಿಂದ ಅವನ ಬದುಕು ಸಾಗಿತು. ಕೃತಿಗಳೂ ಹಿಗ್ಗಿದವು: ಹೇಡನ್‌ನ ಸಿಂಫನಿಗಳು ಹೆಚ್ಚಾಗಿ ಅರ್ಧ ಗಂಟೆಯೊಳಗೆ ಮುಗಿದರೆ, ಬೀಥೋವನ್‌ನ ಮೂರನೆಯದು ಸುಮಾರು 50 ನಿಮಿಷ. 1824ರ ಒಂಬತ್ತನೆಯದರಲ್ಲಿ ಗಾಯಕರೂ ಬಂದರು.

ಹಾಗೆಂದು ಹೇಡನ್ ಬರೀ ಲೆಕ್ಕಕ್ಕೆ ಬರೆದ ಎನ್ನುವುದು ಅನ್ಯಾಯ. ನಾಲ್ಕು ಭಾಗಗಳ ಸಿಂಫನಿಯನ್ನು ಗಟ್ಟಿಗೊಳಿಸಿದವರಲ್ಲಿ ಅವನೇ ಪ್ರಮುಖ. ಬೀಥೋವನ್ ಅವನ ಬಳಿಯೇ ಕಲಿತವನು. ಮೊದಲು ಆ ‘ಫೇರ್‌ವೆಲ್’ ಕೇಳಿ, ಆಮೇಲೆ ಬೀಥೋವನ್‌ನ ಮೂರನೆಯದನ್ನು ಕೇಳಿ.